ಹೈಡ್ರೋಜನ್ ಆಗಲೇ ನಿಮ್ಮ ಹೊಲದಲ್ಲಿದೆ

ಆತ್ಮೀಯ ಗೆಳೆಯರೇ,

ಕೊಳ್ಳೇಗಾಲದಿಂದ ನೀವು ಬರೆದ ಕಾಗದ ತಲುಪಿತು. ನೀರಿನಿಂದ ಹೈಡ್ರೋಜನ್ ತೆಗೆಯುವ ಸಂಶೋಧನೆಯಿಂದ ಬೇಸಾಯಗಾರರಿಗೆ ಆಗುವುದೇನು ಎಂದು ಕೇಳಿದ್ದೀರಿ. ಆಗುವುದು ಬಹಳವಿದೆ. ಹನೂರಿನ ಮುಸುಕಿನ ಜೋಳಕ್ಕೂ ಯಳಂದೂರಿನ ಭತ್ತಕ್ಕೂ ಹಾಕುವ ಯೂರಿಯಾ ಅಮೋನಿಯದಿಂದ ತಯಾರಾಗುತ್ತದೆ. ಅಮೋನಿಯಕ್ಕೆ ಹೈಡ್ರೋಜನ್ ಬೇಕೇ ಬೇಕು. ಇವತ್ತು ಅದನ್ನು ಬಹುಪಾಲು ನೈಸರ್ಗಿಕ ಅನಿಲದಿಂದ ತೆಗೆಯುತ್ತಾರೆ. ಹಾಗೆ ಒಂದು ಕಿಲೋ ತೆಗೆದರೆ ಸುಮಾರು 9 ಕಿಲೋ ಇಂಗಾಲದ ಡೈಆಕ್ಸೈಡ್ ಹುಟ್ಟುತ್ತದೆ. ಅಷ್ಟೇ ಹೈಡ್ರೋಜನ್ 9 ಲೀಟರ್ ನೀರಿನಲ್ಲೂ ಇದೆ.

ಆದರೆ ನೀರು ಅದನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಕ್ರಿಯೆಯನ್ನು ಚುರುಕುಗೊಳಿಸುವ ಕ್ರಿಯಾವರ್ಧಕ ಬೇಕು. ಈ ಕೆಲಸದಲ್ಲಿ ಪ್ಲಾಟಿನಂ ನಿಸ್ಸೀಮ, ಬೆಲೆ ಮಾತ್ರ ವಿಪರೀತ. ಹಾಗಾಗಿ ಲೋಹವನ್ನು ಎಷ್ಟು ಕಡಿಮೆ ಬಳಸಬಹುದು ಎಂಬುದೇ ಮುಖ್ಯ ಪ್ರಶ್ನೆ. ಸರಂಧ್ರ ಪಾಲಿಮರ್ ನೆರವಿಗೆ ಬರುವುದು ಇಲ್ಲಿಯೇ. ಇಂಗಾಲದ ಉಂಗುರಗಳನ್ನು ಬಲೆಯಂತೆ ಬೆಸೆದ ಈ ಪುಡಿಯ ತುಂಬ ಕಣ್ಣಿಗೆ ಕಾಣದ ರಂಧ್ರಗಳು. ಒಂದೇ ಗ್ರಾಮಿನಲ್ಲಿ ನೂರಾರು ಚದರ ಮೀಟರ್ ಒಳಮೈ ಇರಬಲ್ಲದು. ಹಣ್ಣಾದ ರೇಷ್ಮೆಹುಳುಗಳನ್ನು ಚಂದ್ರಿಕೆಯಲ್ಲಿ ಒತ್ತಾಗಿ ಬಿಟ್ಟರೆ ಜೋಡಿಗೂಡು ಕಟ್ಟಿ ನೂಲು ಕೆಡುತ್ತದೆ ಎಂಬುದು ನಿಮಗೆ ಗೊತ್ತು. ಲೋಹವೂ ಹಾಗೆಯೇ: ಗುಂಪುಗೂಡಿದರೆ ಒಳಗಿನ ಪರಮಾಣುಗಳು ಕೆಲಸಕ್ಕೆ ಸಿಗುವುದಿಲ್ಲ. ರಂಧ್ರಗಳು ಅವನ್ನು ಬಿಡಿಬಿಡಿಯಾಗಿ ಹಿಡಿದಿಡುತ್ತವೆ. ಪಾಲಿಮರ್ ಬೆಳಕನ್ನು ಹೀರಿ ಎಲೆಕ್ಟ್ರಾನ್‌ಗಳನ್ನು ಬಿಡಿಸುತ್ತದೆ. ಅವು ಲೋಹವನ್ನು ಸೇರಿದಾಗ ಅಲ್ಲಿ ನೀರಿನಿಂದ ಹೈಡ್ರೋಜನ್ ಅನಿಲ ಹುಟ್ಟುತ್ತದೆ.

2015ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ ಆ್ಯಂಡ್ರ್ಯೂ ಕೂಪರ್ ಅವರ ತಂಡ ಇಂಥ ಪಾಲಿಮರ್‌ಗಳಿಂದ ಬೆಳಕಿನಲ್ಲೇ ಹೈಡ್ರೋಜನ್ ಪಡೆದು ತೋರಿಸಿತು. ಪಾಲಿಮರ್ ತಯಾರಿಸುವಾಗ ಬಳಸಿದ ಪಲ್ಲಾಡಿಯಂನ ಲೇಶ ಉಳಿದುಕೊಂಡು ತಾನೇ ಕ್ರಿಯಾವರ್ಧಕವಾಗಬಲ್ಲದು ಎಂಬುದೂ ಈ ಕ್ಷೇತ್ರದಲ್ಲಿ ತಿಳಿದುಬಂತು. ನಮ್ಮ ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ತಪಸ್ ಕುಮಾರ್ ಮಾಜಿ ಅವರ ತಂಡವೂ ಸರಂಧ್ರ ವಸ್ತುಗಳ ಮೇಲೆ ಇದೇ ಬಗೆಯ ಕೆಲಸ ನಡೆಸಿದೆ. ನಮ್ಮ ರಾಜ್ಯದಲ್ಲೇ ಇದು ನಡೆಯುತ್ತಿದೆಯಲ್ಲ ಎಂದು ನನಗೆ ಹೆಮ್ಮೆ.

ಇಂಥ ಸುದ್ದಿ ಇನ್ನು ಮುಂದೆ ಹೆಚ್ಚುತ್ತದೆ. ಕೇಂದ್ರ ಸರ್ಕಾರ 2023ರಲ್ಲಿ ಒಪ್ಪಿದ ರಾಷ್ಟ್ರೀಯ ಹಸಿರು ಹೈಡ್ರೋಜನ್ ಮಿಷನ್ 2030ರ ಹೊತ್ತಿಗೆ ವರ್ಷಕ್ಕೆ 50 ಲಕ್ಷ ಟನ್ ಉತ್ಪಾದನೆಯ ಗುರಿ ಇಟ್ಟುಕೊಂಡಿದೆ. ಓದುವಾಗ ಮೂರು ಪ್ರಶ್ನೆ ಕೇಳಿ. ಯಾವ ಲೋಹ, ಎಷ್ಟು? ಎಷ್ಟು ದಿನ ಬಾಳುತ್ತದೆ? ನೀರಿನ ಜೊತೆಗೆ ಬೇರೆ ಏನಾದರೂ ಖರ್ಚಾಗುತ್ತಿದೆಯೇ? ಮೂರನೆಯದನ್ನು ಮರೆಯಬೇಡಿ. ಅನೇಕ ಪ್ರಯೋಗಗಳಲ್ಲಿ ಎಲೆಕ್ಟ್ರಾನ್ ಒದಗಿಸಲು ಟ್ರೈಈಥೈಲ್ ಅಮೀನ್‌ನಂಥ ರಾಸಾಯನಿಕ ಬೆರೆಸುತ್ತಾರೆ, ಅದು ಸವೆದುಹೋಗುತ್ತದೆ. ನೀರೊಂದನ್ನೇ ಒಡೆದು ಆಮ್ಲಜನಕವನ್ನೂ ಹೊರತರುವುದು ಈ ಕೆಲಸದ ಇನ್ನೂ ಕಷ್ಟದ ಅರ್ಧ.

ಆ ಅರ್ಧ ಕೈಗೂಡಿದರೆ, ಗೊಬ್ಬರಕ್ಕೆ ಬೇಕಾದ ಹೈಡ್ರೋಜನ್ ಬಿಸಿಲಿನಿಂದಲೇ ಬರಬಹುದು. ಅದಕ್ಕಾಗಿ ದುಡಿಯುತ್ತಿರುವವರ ಕೆಲಸವನ್ನು ರೈತರು ತಿಳಿದು ಪ್ರಶ್ನಿಸಬೇಕು, ಬೆಂಬಲಿಸಲೂ ಬೇಕು. ಸಂದೇಹ ಬಂದಾಗಲೆಲ್ಲ ಬರೆಯಿರಿ; ಉತ್ತರ ಹುಡುಕುವುದು ನನಗೆ ಸಂತೋಷದ ಕೆಲಸ.

ವಿಶ್ವಾಸದಿಂದ,
ನಿಮ್ಮ ಗೆಳೆಯ