ಬಿದ್ದಿನರ ಅರಮನೆ

ಮೈಸೂರಿನ ಚಾಮುಂಡಿಬೆಟ್ಟದ ಸಮೀಪದಲ್ಲಿರುವ ಲಲಿತಮಹಲನ್ನು ದೂರದಿಂದ ನೋಡುವವರಿಗೆ ಮೊದಲು ಕಾಣುವುದು ಅದರ ಬಿಳುಪು. ಆಮೇಲೆ ನಡುವಣ ದೊಡ್ಡ ಗುಮ್ಮಟ. ಲಂಡನ್ನಿನ ಸೇಂಟ್ ಪಾಲ್ ಕೆಥೀಡ್ರಲನ್ನು ನೆನಪಿಗೆ ತರುವ ಈ ಕಟ್ಟಡಕ್ಕೆ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, 1921ರಲ್ಲಿ ಅಸ್ತಿಭಾರ ಬಿದ್ದಿತು. ವಿನ್ಯಾಸ ಇ. ಡಬ್ಲ್ಯು. ಫ್ರಿಚ್ಲಿಯವರದು. ವೈಸ್‌ರಾಯ್ ಮೈಸೂರಿಗೆ ಬಂದಾಗ ಇಳಿದುಕೊಳ್ಳಲೆಂದೇ ಕಟ್ಟಿಸಿದ ಅರಮನೆಯಿದು. 1974ರಲ್ಲಿ ಹೋಟೆಲಾಯಿತು.

ನಿವೃತ್ತ ಕನ್ನಡ ಅಧ್ಯಾಪಕರೊಬ್ಬರು ಎಂಬತ್ತು ದಾಟಿದ ತಾಯಿಯನ್ನು ಕರೆದುಕೊಂಡು ಅಲ್ಲಿ ಒಂದು ರಾತ್ರಿ ತಂಗಿದರು. ಹುಡುಗಿಯಾಗಿದ್ದಾಗ ಬೆಟ್ಟದ ಮೆಟ್ಟಿಲಿನಿಂದ ಕಂಡ ಬಿಳಿಯ ಮನೆಯೊಳಗೆ ಒಮ್ಮೆ ಮಲಗಿ ಏಳಬೇಕೆಂಬುದು ಆಕೆಯ ಹಳೆಯ ಆಸೆ. ಅಮೃತಶಿಲೆಯ ಮೆಟ್ಟಿಲು, ಎತ್ತರದ ಛಾವಣಿ, ಮೆತ್ತನೆಯ ಹಾಸಿಗೆ ಎಲ್ಲವನ್ನೂ ಆಕೆ ಮೆಚ್ಚಿದರು. ಜಾಲರಿ ಬಾಗಿಲಿನ ಹಳೆಯ ಲಿಫ್ಟು ಮಾತ್ರ ಇನ್ನೂ ಹೆಚ್ಚು ಹಿಡಿಸಿತು. “ಪಲ್ಲಕ್ಕಿ ಮೇಲಕ್ಕೆ ಹೋಗುತ್ತಲ್ಲೋ!” ಎಂದು ಎರಡು ಬಾರಿ ಹತ್ತಿ ಇಳಿದರು.

ತೊಡಕು ಬಂದದ್ದು ಊಟದಲ್ಲಿ. ಮನೆಯಾಚೆ ಬೇಯಿಸಿದ್ದನ್ನು ಉಣ್ಣದ ನಿಯಮ ತಾಯಿಯದು. ಅವಲಕ್ಕಿ, ಚಟ್ನಿಪುಡಿ, ಕೋಡುಬಳೆ ಎಲ್ಲವೂ ಅವರ ಚೀಲದಲ್ಲಿದ್ದುವು. ಮಗನಿಗೆ ಮುಜುಗರ. ಇಷ್ಟು ಹಣ ತೆತ್ತು ಬಂದು ಕೋಣೆಯಲ್ಲಿ ಅವಲಕ್ಕಿ ಕಲಸುವುದೇ ಎಂದು ಗೊಣಗಿ, ಒಬ್ಬರೇ ಕೆಳಗಿಳಿದರು. ನೃತ್ಯಕ್ಕೆಂದು ಕಟ್ಟಿದ್ದ ಸಭಾಂಗಣವೇ ಈಗ ಭೋಜನಶಾಲೆ. ಬಣ್ಣದ ಗಾಜಿನ ಗುಮ್ಮಟದಡಿ ಅಷ್ಟು ದೊಡ್ಡ ಮೇಜಿಗೆ ಒಬ್ಬರೇ ಕುಳಿತಾಗ ಅವರಿಗೆ ಪಾಠ ಹೇಳುತ್ತಿದ್ದ ಕಾಲದ ಪದವೊಂದು ನೆನಪಾಯಿತು.

ಸಂಸ್ಕೃತದ ‘ಅತಿಥಿ’ಯನ್ನು ತಿಥಿಯಿಲ್ಲದೆ ಬರುವವನೆಂದು ವಿವರಿಸುವುದು ವಾಡಿಕೆ. ಆ ಲೆಕ್ಕದಲ್ಲಿ, ದಿನ ಗೊತ್ತುಮಾಡಿಕೊಂಡು ಪರಿವಾರಸಮೇತ ಬರುತ್ತಿದ್ದ ವೈಸ್‌ರಾಯ್ ಅತಿಥಿಯೇ ಅಲ್ಲ. ಹಳಗನ್ನಡದ ಮಾತು ಬೇರೆ: ಬಿರ್ದು, ಬಿದ್ದು ಎಂದರೆ ಔತಣ, ಬಿದ್ದಿನನೆಂದರೆ ಅತಿಥಿ. ತಮಿಳಿನ ವಿರುಂದು, ತೆಲುಗಿನ ವಿಂದು ಇದರ ಸೋದರರು. ಬಂದವನ ಹೆಸರಿನಲ್ಲೇ ಊಟವಿದೆ. ಉಣ್ಣದೆ ಹೋದವನು ಬಿದ್ದಿನನಲ್ಲ ಎನ್ನಬಹುದೇನೋ.

ಮೈಸೂರಿನ ಅರಸರಿಗಾದರೋ ಆಂಗ್ಲ ಅತಿಥಿಗಳೊಡನೆ ಕುಳಿತು ಉಣ್ಣುವ ರೂಢಿಯಿರಲಿಲ್ಲ. ಮಾಂಸ, ಮದ್ಯಗಳ ಊಟಕ್ಕೂ ಅರಮನೆಯ ಆಚಾರಕ್ಕೂ ಹೊಂದಿಕೆಯಾಗುವಂತಿರಲಿಲ್ಲ. ಅತಿಥಿಯನ್ನು ನೋಯಿಸಬಾರದು, ನಿಯಮವನ್ನೂ ಬಿಡಬಾರದು. ಈ ಎರಡರ ನಡುವಣ ದೂರಕ್ಕೆ ಕಟ್ಟಿದ ಮನೆಗಳಲ್ಲಿ ಲಲಿತಮಹಲೂ ಒಂದೆಂದು ಅಧ್ಯಾಪಕರಿಗೆ ತೋರಿತು. ಸೌಕರ್ಯ ಹೆಚ್ಚಿದಷ್ಟೂ ಅತಿಥೇಯ ದೂರದಲ್ಲಿರಬಹುದು. ಅವನು ಬಾರದ ಕೊರತೆಯನ್ನು ದೀಪ, ಕಂಬಳಿ, ಬಿಸಿನೀರು, ಆಳುಕಾಳು ತುಂಬುತ್ತವೆ. ಇಂದಿನ ಹೋಟೆಲುಗಳು ಮಾರುವುದೂ ಬಹುಪಾಲು ಇದನ್ನೇ ಅಲ್ಲವೆ?

ಆದರೆ ಆಗ ಮನಸ್ಸು ಹೋದದ್ದು ಮಹಾರಾಜರ ಕಡೆಗಲ್ಲ. ಮೇಲಿನ ಕೋಣೆಯಲ್ಲಿ, ವೈಸ್‌ರಾಯನಿಗೆಂದು ಕಟ್ಟಿದ ಮನೆಯಲ್ಲೇ, ಮಹಾರಾಜರ ನಿಯಮವನ್ನು ಮುದುಕಿಯೊಬ್ಬಳು ನಡೆಸುತ್ತಿದ್ದಳು. ಅರಸರಲ್ಲಿ ಘನತೆಯಾಗಿ ಕಂಡದ್ದು ತಾಯಿಯಲ್ಲಿ ಹಟವಾಗಿ ಕಂಡದ್ದೇಕೆ? ತಟ್ಟೆಯಲ್ಲಿದ್ದುದನ್ನು ಅರ್ಧಕ್ಕೆ ಬಿಟ್ಟು, ಎರಡು ಬಾಳೆಯ ಹಣ್ಣು ಕೇಳಿ ತೆಗೆದುಕೊಂಡು ಅಧ್ಯಾಪಕರು ಮೇಲೆ ಹತ್ತಿದರು. ಹಣ್ಣಿಗೆ ನಿಯಮದ ಅಡ್ಡಿಯಿರಲಿಲ್ಲ.

ತಾಯಿ ಅವಲಕ್ಕಿಯನ್ನು ಇಬ್ಬರಿಗಾಗುವಷ್ಟು ಕಲಸಿಟ್ಟು ಕಾದಿದ್ದರು. “ಬರ್ತೀಯ ಅಂತ ಗೊತ್ತಿತ್ತು ಕಣೋ” ಎಂದರು. ಮಗ ಮರುಮಾತಿಲ್ಲದೆ ನೆಲದ ಮೇಲೆಯೇ ಕುಳಿತು ಉಂಡರು.

ಅಷ್ಟರಲ್ಲಿ ಬಿಸಿನೀರು ತಂದ ಹುಡುಗ ಬಾಗಿಲು ತಟ್ಟಿದ. “ನಿನ್ನ ಊಟ ಆಯ್ತೇನಪ್ಪಾ?” ಎಂದು ತಾಯಿ ಕೇಳಿದರು. ಎಲ್ಲರದೂ ಮುಗಿದ ಮೇಲೆ, ಎಂದ ಆತ. ಆಕೆ ನಾಲ್ಕು ಕೋಡುಬಳೆಗಳನ್ನು ಕಾಗದದಲ್ಲಿ ಸುತ್ತಿ ನೀಡಿದರು. ಕೆಲಸದಲ್ಲಿರುವಾಗ ತಿನ್ನುವಂತಿಲ್ಲವೆಂದು ಹುಡುಗ ಸಂಕೋಚಪಟ್ಟ.

“ಈಗ ತಿನ್ನು ಅಂದೋರ್ಯಾರು? ಜೇಬಿನಲ್ಲಿಟ್ಕೋ” ಎಂದರು ತಾಯಿ.