ಬಾತಿಯಿಂದ ಮಂಡಿಪೇಟೆಗೆ ಎಷ್ಟು ದೂರ?

ದಾವಣಗೆರೆಯಿಂದ ಹರಿಹರಕ್ಕೆ ಹೋಗುವ ಹಾದಿಯಲ್ಲಿ ಬಾತಿ ಗುಡ್ಡ ನಮಗೆಲ್ಲ ಪರಿಚಿತ. ನಗರದ ರಿಂಗ್ ರಸ್ತೆಗಾಗಿ ರಾಮಕೃಷ್ಣ ಹೆಗಡೆ ನಗರದ ನೂರಾರು ಬಡ ಕುಟುಂಬಗಳನ್ನು 2023ರ ಕೊನೆಯಲ್ಲಿ ಸ್ಥಳಾಂತರಿಸಿದ್ದು ಇದೇ ದೊಡ್ಡಬಾತಿಯ ಕಡೆಗೆ. ಅಂದಿನಿಂದ ಆ ಗುಡ್ಡವನ್ನು ದಾಟುವಾಗ ನಾವು ಬೇರೆಯದೇ ಲೆಕ್ಕ ಹಾಕುತ್ತೇವೆ: ಇಲ್ಲಿಂದ ಮಂಡಿಪೇಟೆಗೆ ಎಷ್ಟು ದೂರ?

ವಾಹನವುಳ್ಳವರಿಗೆ ಅದು ದೂರವೇ ಅಲ್ಲ. ಆದರೆ ನಸುಕಿನಲ್ಲಿ ಮಂಡಕ್ಕಿ ಭಟ್ಟಿ ಸೇರಬೇಕಾದವನಿಗೆ, ಹಮಾಲಿಗೆ, ನಾಲ್ಕು ಮನೆಗಳ ಪಾತ್ರೆ ತೊಳೆದು ಮಧ್ಯಾಹ್ನ ಮಗುವಿಗೆ ಉಣಿಸಲು ಮರಳುವ ತಾಯಿಗೆ ಆ ಆರೇಳು ಕಿಲೋಮೀಟರುಗಳೇ ಒಂದು ಹೊತ್ತಿನ ಊಟವನ್ನು ನುಂಗುತ್ತವೆ. ಬೀಡಿ ಕಟ್ಟುವವಳಿಗೆ ಎಲೆ ಕೊಟ್ಟು ಕಟ್ಟು ಒಯ್ಯುವವನು ಅಷ್ಟು ದೂರ ಬರುವನೇ?

ಮಕ್ಕಾದಿಂದ ಬರಿಗೈಯಲ್ಲಿ ಮದೀನಾ ತಲುಪಿದ ಅಬ್ದುರ್ರಹ್ಮಾನ್ ಬಿನ್ ಔಫ್(ರ)ರಿಗೆ ಸಅದ್ ಬಿನ್ ರಬೀಅ್(ರ) ತಮ್ಮ ಸಂಪತ್ತಿನ ಅರ್ಧವನ್ನೇ ಕೊಡಲು ಮುಂದಾದರು. ಅವರು ಹರಸಿ ಕೇಳಿದ್ದು ಮಾರುಕಟ್ಟೆಯ ದಾರಿಯನ್ನು ಮಾತ್ರ. ನೆಲೆ ತಪ್ಪಿದವನಿಗೆ ಸೂರಿನಷ್ಟೇ ದುಡಿಮೆಯ ದಾರಿಯೂ ಬೇಕೆಂಬುದನ್ನು ನಮ್ಮ ಪುನರ್ವಸತಿ ಯೋಜನೆಗಳು ಇನ್ನೂ ಕಲಿತಂತಿಲ್ಲ.

ಮುಂಬಯಿಯ ಪಾದಚಾರಿ ಮಾರ್ಗದ ನಿವಾಸಿಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1985ರಲ್ಲಿಯೇ ಜೀವನೋಪಾಯದ ಹಕ್ಕು ಜೀವಿಸುವ ಹಕ್ಕಿನ ಭಾಗವೆಂದು ಹೇಳಿತು. ತೆರವನ್ನು ಮಾತ್ರ ತಡೆಯಲಿಲ್ಲ; ಮಳೆಗಾಲ ಮುಗಿಯುವವರೆಗೆ ಕಾಯಿರಿ ಎಂದಿತು. ಅಷ್ಟಾದರೂ ದಯೆ! ಕರ್ನಾಟಕದ ಕೊಳಗೇರಿ ಕಾಯ್ದೆ 1973ರದು. ಅದರ ಹೆಸರಿನಲ್ಲಿ ಅಭಿವೃದ್ಧಿ, ನಿರ್ಮೂಲನೆ ಎರಡೂ ಇವೆ. ಕಾರ್ಯದಲ್ಲಿ ಎರಡನೆಯದೇ ಬೇಗ ನಡೆಯುತ್ತದೆ.

ರಸ್ತೆ ಬೇಡವೆಂದು ನಾವು ಹೇಳುವುದಿಲ್ಲ. ಕ್ರಮ ತಲೆಕೆಳಗಾಗಿದೆ ಎನ್ನುತ್ತೇವೆ. ನಲ್ಲಿಯಲ್ಲಿ ನೀರು ಬಂದ ಮೇಲೆ, ಶೌಚಾಲಯಕ್ಕೆ ಬಾಗಿಲು ಕೂತ ಮೇಲೆ, ಮನೆಯೊಡತಿಯ ಹೆಸರಿನಲ್ಲಿ ಹಕ್ಕುಪತ್ರ ಕೈಸೇರಿದ ಮೇಲೆ ಸಾಮಾನು ಲಾರಿಗೆ ಏರಬೇಕು. ಶಾಲಾ ವರ್ಷದ ನಡುವೆ ಯಾರನ್ನೂ ಎಬ್ಬಿಸಬಾರದು. ಎಲ್ಲಿಗೆ ಹೋಗುವುದೆಂಬ ಮಾತುಕತೆಯಲ್ಲಿ ಹೋಗುವವರೇ ಕುಳಿತಿರಬೇಕು, ಅದರಲ್ಲೂ ಹೆಂಗಸರು. ನೀರು ಹೊರುವವರು ಅವರೇ ತಾನೆ?

ಈ ವಿಷಯದಲ್ಲಿ ನಮ್ಮ ಜಮಾಅತ್‌ಗಳಿಗೂ ಕೆಲಸವಿದೆ. ರಂಝಾನಿನ ಕಿಟ್ಟು ಹಂಚಿ ಫೋಟೋ ತೆಗೆಸಿಕೊಳ್ಳುವುದು ಸುಲಭ. ಪಡಿತರ ಚೀಟಿಯ ವಿಳಾಸ ಬದಲಿಸಲು, ಮಗುವಿನ ವರ್ಗಾವಣೆ ಪತ್ರ ತರಲು, ಬೆಳಗಿನ ಐದು ಗಂಟೆಗೆ ಬಾತಿಯಿಂದ ಒಂದು ನಗರ ಸಾರಿಗೆ ಬಸ್ಸು ಬಿಡಿಸಲು ಅರ್ಜಿ ಹಿಡಿದು ಅಲೆಯುವವರು ಬೇಕಾಗಿದ್ದಾರೆ.