ಪಂಕ್ತಿಭೇದ

ಹೋದ ಯುಗಾದಿಗೆ ಅಮೆರಿಕದಿಂದ ಶಿವಮೊಗ್ಗಕ್ಕೆ ಬಂದ ಮಗ ನನ್ನ ಕೈಗೊಂದು ಪುಟ್ಟ ಪೆಟ್ಟಿಗೆ ಇಟ್ಟ. ಬಳೆಯಿರಬಹುದೆಂದು ಆಸೆಯಿಂದ ತೆರೆದರೆ ಐಫೋನು! “ಆ ಆಂಡ್ರಾಯ್ಡ್ ಸಾಕಮ್ಮ, ಇನ್ನು ಇದಕ್ಕೆ ಬಂದುಬಿಡು. ನಾವೆಲ್ಲ ಇದರಲ್ಲೇ ಇದ್ದೀವಿ” ಎಂದ. ಎಲ್ಲರೂ ಹೊಸ ಬಡಾವಣೆಯಲ್ಲಿ ಮನೆ ಮಾಡಿದ್ದಾರೆ, ನಾನೊಬ್ಬಳೇ ಹಳೇ ಪೇಟೆಯಲ್ಲಿ ಉಳಿದಿದ್ದೇನೆ ಎನ್ನುವ ಧಾಟಿಯಲ್ಲಿ.

ಅವನ ಆತುರಕ್ಕೆ ಕಾರಣವಿತ್ತು. ಅಲ್ಲಿ ಐಫೋನಿನವರು ತಮ್ಮೊಳಗೆ ಕಳಿಸಿಕೊಳ್ಳುವ ಸಂದೇಶ ನೀಲಿ ಬಣ್ಣದಲ್ಲಿ ಕಾಣುತ್ತದೆ. ಬೇರೆ ಫೋನಿನವರಿಗೆ ಕಳಿಸಿದ್ದು ಹಸಿರು. 2024ರಲ್ಲಿ ಆಪಲ್‌ನವರು ಎರಡೂ ಕಡೆಯ ಸಂದೇಶ ಇನ್ನಷ್ಟು ಚೆನ್ನಾಗಿ ಹೋಗಿಬರುವಂತೆ ಮಾಡಿದರೂ ಹಸಿರು ಹಸಿರಾಗಿಯೇ ಉಳಿಯಿತು. ಮೊಮ್ಮಗಳು ಮಾಡಿದ ಮನೆಯವರ ಗುಂಪಿನಲ್ಲಿ ಎಲ್ಲರೂ ನೀಲಿ. ಅಜ್ಜಿ ಅದರೊಳಗೇ ಇಲ್ಲ. ಊಟದಲ್ಲಿ ಪಂಕ್ತಿಭೇದ ಕಂಡಿದ್ದೆ, ಫೋನಿನಲ್ಲೂ ಉಂಟೆಂದು ಆಗಲೇ ತಿಳಿದದ್ದು. ಮನಸ್ಸು ಚುರುಕ್ಕೆಂದಿತು.

ಸರಿ, ಎಂಟು ದಿನ ಅಭ್ಯಾಸಕ್ಕೆ ಕೂತೆ. ನನ್ನ ಫೋನಿನಲ್ಲಿ ದಾರಿ ತಪ್ಪಿದರೆ ಕೆಳಗಿರುವ ಗುರುತು ಒತ್ತಿ ಹಿಂದಕ್ಕೆ ಬರುತ್ತೇನೆ. ಇದರಲ್ಲಿ ಅದಿಲ್ಲ. ಎಡಗಡೆಯ ಅಂಚಿನಿಂದ ಬೆರಳು ಸರಿಸಬೇಕಂತೆ. ಸರಿಸಿದರೆ ಕೆಲವು ಕಡೆ ಹಿಂದೆ ಹೋಗುತ್ತದೆ, ಕೆಲವು ಕಡೆ ಜಪ್ಪಯ್ಯ ಎಂದರೂ ಕದಲುವುದಿಲ್ಲ. ಫೋಟೋ ಎಲ್ಲ ಬರುತ್ತವೆ, 2022ರಿಂದ ವಾಟ್ಸಾಪ್ ಮಾತುಕತೆಯನ್ನೂ ಇದಕ್ಕೆ ಸಾಗಿಸಬಹುದು ಎಂದು ಮಗ ಧೈರ್ಯ ಹೇಳಿದ. ಆದರೆ ಹಣ ಕಳಿಸುವ ಯುಪಿಐ ಮಾತ್ರ ಹೊಸ ಫೋನಿನಲ್ಲಿ ಮತ್ತೆ ನೋಂದಣಿಯಾಗಬೇಕು. ಅದಕ್ಕೆ ಕೂತಾಗ ನನ್ನ ಬೆರಳು ತಡವರಿಸಿತು. “ಕೊಡಮ್ಮ ಇಲ್ಲಿ, ನಾನು ಮಾಡ್ತೀನಿ” ಎಂದು ಕೈಯಿಂದ ತೆಗೆದುಕೊಂಡ.

ಥೇಟ್ ಅವರಪ್ಪನ ಮಾತು. 34 ವರ್ಷದ ಸಂಸಾರದಲ್ಲಿ ಪಾಸ್‌ಬುಕ್ಕಿರಲಿ, ಕರೆಂಟ್ ಬಿಲ್ಲಿರಲಿ, “ಕೊಡು ಇಲ್ಲಿ” ಎಂದು ಅವರೇ ನೋಡಿಕೊಂಡರು. ಪ್ರೀತಿಯಿಂದಲೇ. 2019ರಲ್ಲಿ ಅವರು ಹೋದಾಗ ಯಾವ ಬ್ಯಾಂಕಿನಲ್ಲಿ ಏನಿದೆ ಎಂಬುದೂ ನನಗೆ ಗೊತ್ತಿರಲಿಲ್ಲ. ಮರುವರ್ಷ ಲಾಕ್‌ಡೌನ್. ಪಕ್ಕದ ಮನೆಯ ಹುಡುಗಿ ಕಾಂಪೌಂಡಿನ ಆಚೆ ನಿಂತು, “ಆಂಟಿ, ಈಗ ಕೆಳಗಿನದು ಒತ್ತಿ” ಎಂದು ಒಂದೊಂದಾಗಿ ಹೇಳಿಕೊಟ್ಟಳು. ಹಾಲಿನವನಿಗೆ ನಾನೇ 44 ರೂಪಾಯಿ ಕಳಿಸಿದ ದಿನ ಪಾಯಸ ಮಾಡಿದ್ದೆ. ಯಾಕೆಂದು ಕೇಳುವವರು ಮನೆಯಲ್ಲಿ ಯಾರೂ ಇರಲಿಲ್ಲ. ಈಗ ನಮ್ಮ ಭಜನಾ ಮಂಡಳಿಯ ಹೆಂಗಸರೇ ಫೋನ್ ಹಿಡಿದುಕೊಂಡು ನನ್ನ ಹತ್ತಿರ ಬರುತ್ತಾರೆ.

ಐಫೋನು ಕೆಟ್ಟದ್ದೇನಲ್ಲ. ಹೊಳಪೇನು, ಅದರಲ್ಲಿ ತೆಗೆದ ತುಳಸಿಕಟ್ಟೆಯ ಚಿತ್ರವೇನು! ನಿಧಾನಕ್ಕೆ ಕಲಿತೇನು ಕೂಡ. ಆದರೆ ಮಗ ಹೊರಡಲು ನಾಲ್ಕು ದಿನವಿತ್ತು. ಆಮೇಲೆ ಎಲ್ಲಾದರೂ ಸಿಕ್ಕಿಕೊಂಡರೆ ಅವನಿಗೆ ಬೆಳಗಾಗುವವರೆಗೆ ನಾನು ಕಾಯಬೇಕು. ಮಂಡಳಿಯಲ್ಲಿ ಯಾರ ಹತ್ತಿರವೂ ಐಫೋನಿಲ್ಲ.

“ಬೇಡ ಕಣೋ. ಈ ಮನೆಯಲ್ಲಿ ಸ್ವಿಚ್ಚು ಎಲ್ಲಿದೆ ಅಂತ ನನಗೆ ಕತ್ತಲಲ್ಲೂ ಗೊತ್ತು” ಎಂದೆ. ಅವನ ಮುಖ ಸಣ್ಣದಾಯಿತು. ಅಷ್ಟು ದುಡ್ಡು ಕೊಟ್ಟು ತಂದವನಿಗೆ ಹಾಗಂದೆನಲ್ಲ ಎಂದು ನನಗೂ ರಾತ್ರಿ ನಿದ್ದೆ ಬರಲಿಲ್ಲ.

ಈಗ ಭಾನುವಾರಗಳಂದು ಮೊಮ್ಮಗಳು ಫೇಸ್‌ಟೈಮಿನ ಕೊಂಡಿ ಕಳಿಸುತ್ತಾಳೆ. 2021ರಿಂದ ಹಾಗೆ ಆಂಡ್ರಾಯ್ಡಿನವರೂ ಸೇರಿಕೊಳ್ಳಬಹುದು. ಕರೆಯೋಲೆ ಬಂದರೆ ಒಳಗೆ ಹೋಗಬಹುದು, ನಾವಾಗಿ ಬಾಗಿಲು ತಟ್ಟುವಂತಿಲ್ಲ. ಅವರ ಗುಂಪಿನ ತಮಾಷೆಗಳು ನನಗೆ ತಡವಾಗಿಯೇ ಮುಟ್ಟುತ್ತವೆ. ಕೆಲವು ಮುಟ್ಟುವುದೇ ಇಲ್ಲ. ಆ ಕೊರತೆ ಇದೆ, ಇಲ್ಲವೆನ್ನಲಾರೆ.

“ಅಜ್ಜಿ, ನೀವಿನ್ನೂ ಹಸಿರೇನಾ?” ಎಂದು ಮೊನ್ನೆ ಕೇಳಿದಳು.

“ಹೂಂ ಪುಟ್ಟಿ, ಊಟದ ಎಲೆಯೂ ಹಸಿರೇ ಅಲ್ಲವೇ?” ಎಂದೆ.